ದೊಡ್ಡ ಫೈಲು

ಆ ಸ್ಟುಡಿಯೋದಲ್ಲಿ ಫೋಟೋ ತಿದ್ದುವವಳ ಹೆಸರು ಚುಕ್ಕಿ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಹದಿನಾರು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಊರಿನವರ ಮೊಡವೆ, ಮಚ್ಚೆ, ಕನ್ನಡಕದ ಹೊಳಪು, ಹಲ್ಲಿನ ಸಂದಿಗೆ ಸಿಕ್ಕಿದ ಸೊಪ್ಪಿನ ಚೂರು ಎಲ್ಲವನ್ನೂ ಅಳಿಸಿದವಳಿಗೆ ಆ ಹೆಸರು ಉಳಿಯುವುದಾದರೂ ಹೇಗೆ? ಬಂದವರೆಲ್ಲ "ಇಲ್ಲೊಂದು ಚುಕ್ಕಿ ತೆಗೀಬೇಕಿತ್ತು" ಎಂದು ಕೆನ್ನೆ ತೋರಿಸುತ್ತಲೇ ಒಳಗೆ ಬರುತ್ತಿದ್ದರು.

ಸ್ಟುಡಿಯೋ ಎಂದರೆ ಉದ್ದಕ್ಕೆ ಮೂರು ಕೋಣೆ. ಮುಂದಿನದರಲ್ಲಿ ಕೌಂಟರ್, ಅದರ ಹಿಂದೆ ಯಜಮಾನರ ಹೆಂಡತಿ. ನಡುವಿನದರಲ್ಲಿ ನೀಲಿ, ಬೂದು, ಬಿಳಿ ಪರದೆಗಳು ಮತ್ತು ಕ್ಯಾಮೆರಾ ಹಿಡಿದ ಯಜಮಾನರು. ಕೊನೆಯದು ಚುಕ್ಕಿಯ ಕೋಣೆ. ಒಂದು ಕಂಪ್ಯೂಟರ್, ಗುರ್ ಎನ್ನುವ ಫ್ಯಾನು, ಗಿರಾಕಿಗೊಂದು ಸ್ಟೂಲು. ಅಲ್ಲಿ ಕೂತರೆ ಕೌಂಟರಿನ ಮಾತು ಕೇಳುತ್ತಿತ್ತು, ಕೌಂಟರಿನಲ್ಲಿ ಕೂತರೆ ಅಲ್ಲಿಯದು.

ಇಷ್ಟು ವರ್ಷ ಕೈಯಲ್ಲೇ ಮಾಡುತ್ತಿದ್ದ ಕೆಲಸಕ್ಕೆ ಹೊಸ ಪ್ಲಗಿನ್ ಒಂದು ಬಂದದ್ದು ಯಜಮಾನರ ಭಾವಮೈದನಿಂದ. ಆತನಿಗೆ ಬೀದಿಯಲ್ಲಿ ಅಪ್‌ಡೇಟ್ ಎಂದು ಹೆಸರು. ಪ್ರಿಂಟರ್ ಕೆಟ್ಟರೂ, ಬಾಗಿಲ ಚಿಲಕ ಬಿಗಿಯಾದರೂ, ಅಕ್ಕನಿಗೆ ಮಂಡಿ ನೋವು ಬಂದರೂ ಆತ ಹೇಳುತ್ತಿದ್ದುದು ಒಂದೇ: "ಅಪ್‌ಡೇಟ್ ಮಾಡಿಸ್ಬೇಕು." ಅವನು ತಂದ ಪ್ಲಗಿನ್ ಹೆಸರು ನವರೂಪ. ಫೋಟೋ ತಿದ್ದುವ ಪ್ರೋಗ್ರಾಮಿನೊಳಗೆ ಇದನ್ನು ಸೇರಿಸಿಬಿಟ್ಟರೆ ಸಾಕು, ಚರ್ಮ ನುಣುಪು ಮಾಡುತ್ತದೆ, ಕೂದಲು ಬೆಳೆಸುತ್ತದೆ, ಗುಂಪಿನಲ್ಲಿ ಬೇಡದವರನ್ನು ಬೇರು ಸಮೇತ ಕಿತ್ತು ಆ ಜಾಗದಲ್ಲಿ ಗೋಡೆಯನ್ನೋ ಗಿಡವನ್ನೋ ತುಂಬುತ್ತದೆ ಎಂದ. ಸೇರಿಸಿದ. ಸೆಟ್ಟಿಂಗ್‌ಗಳಿಗೆ ಹೋಗಿ ಅಲ್ಲಿ ಇಲ್ಲಿ ಏನೇನೋ ಎಳೆದ. "ಫುಲ್ ಪವರ್ ಕೊಟ್ಟಿದ್ದೀನಿ ಅಕ್ಕಾ, ಇನ್ನು ಕಣ್ಣು ಮುಚ್ಚಿ ಕೆಲಸ ಮಾಡ್ಬಹುದು," ಎಂದು ಚುಕ್ಕಿಗೆ ಹೇಳಿ ಹೊರಟ.

ಮಾರನೆಯ ದಿನವೇ ಒಬ್ಬ ಹೆಂಗಸು ಮನೆಮಂದಿಯೆಲ್ಲ ನಿಂತ ದೊಡ್ಡ ಫೋಟೋ ತಂದಳು. ಎಡದಿಂದ ಮೂರನೆಯವಳ ಮೇಲೆ ಉಗುರು ಇಟ್ಟು, "ಇವಳು ನನ್ನ ನಾದಿನಿ. ಇವಳನ್ನ ತೆಗೀಬೇಕು," ಎಂದಳು.

"ಫೋಟೋದಿಂದ ತಾನೇ?" ಎಂದು ಚುಕ್ಕಿ ಕೇಳಿದಳು.

"ಸದ್ಯಕ್ಕೆ ಫೋಟೋದಿಂದ."

ಚುಕ್ಕಿ ನಾದಿನಿಯ ಸುತ್ತ ಗೆರೆ ಎಳೆದು ನವರೂಪದ ಗುಂಡಿ ಒತ್ತಿದಳು. ನೀಲಿ ಪಟ್ಟಿ ಓಡತೊಡಗಿತು. ನಾದಿನಿಯ ಸೆರಗು ಹೋಯಿತು, ಭುಜ ಹೋಯಿತು. ನೂರರಲ್ಲಿ ಅರವತ್ತಮೂರಕ್ಕೆ ಬಂದು ಪಟ್ಟಿ ನಿಂತಿತು. ಮೆಮೊರಿ ಸಾಲುತ್ತಿಲ್ಲ ಎಂದು ಬರೆದ ಚೌಕವೊಂದು ಮೂಡಿತು. ಸರಿ ಎಂದು ಒತ್ತಿದ ಕೂಡಲೇ ಭುಜ, ಸೆರಗು ಸಮೇತ ನಾದಿನಿ ಇದ್ದಲ್ಲೇ ನಗುತ್ತ ನಿಂತಿದ್ದಳು. ಮೂರು ಸಲ ಮಾಡಿದರೂ ಅದೇ ಕಥೆ. ಕೈಯಲ್ಲಿ ತೆಗೆಯಲು ಎರಡು ದಿನವಾಗುತ್ತದೆ ಎಂದಾಗ ಹೆಂಗಸಿಗೆ ಕೋಪ ಬಂತು. "ಮನೇಲೂ ಹೀಗೇ, ಎಷ್ಟು ಅಂದ್ರೂ ಜಾಗ ಬಿಡಲ್ಲ," ಎಂದು ಗೊಣಗಿ ಫೋಟೋ ಎತ್ತಿಕೊಂಡು ಹೋದಳು.

ಚುಕ್ಕಿ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಗಿರಾಕಿ ಹೋದದ್ದಕ್ಕಲ್ಲ, ಯಂತ್ರದ ಮುಂದೆ ತಾನು ಮಂಕಾದದ್ದಕ್ಕೆ. ಕಂಪ್ಯೂಟರ್ ಆರಿಸಿ ಮತ್ತೆ ಆನ್ ಮಾಡಿದಳು. ಉಳಿದ ಪ್ರೋಗ್ರಾಮುಗಳನ್ನೆಲ್ಲ ಮುಚ್ಚಿ ನೋಡಿದಳು. ಡಿಸ್ಕಿನಲ್ಲಿ ಜಾಗ ಸಾಲದೇನೋ ಎಂದು ಐದು ವರ್ಷದ ಹಿಂದಿನ ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿದಳು. ಯಜಮಾನರು ಎಲ್ಲೆಲ್ಲಿಂದಲೋ ತಂದು ತುಂಬಿದ್ದ ಹೂವಿನ ಚೌಕಟ್ಟು, ಮಂಜಿನ ಪರಿಣಾಮ, ಹೃದಯದ ಗುಳ್ಳೆಗಳ ಹಳೆಯ ಪ್ಲಗಿನ್‌ಗಳನ್ನು ಒಂದೊಂದಾಗಿ ತೆಗೆದು, ತೆಗೆದಾಗಲೊಮ್ಮೆ ಪರೀಕ್ಷಿಸಿದಳು. ಪಟ್ಟಿ ಅರವತ್ತಮೂರನ್ನು ದಾಟಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಊಟದ ಡಬ್ಬಿ ತೆರೆದಿಟ್ಟುಕೊಂಡು ಸೆಟ್ಟಿಂಗ್‌ಗಳನ್ನು ಸುಮ್ಮನೆ ನೋಡುತ್ತಿದ್ದಾಗ ಎಡಕ್ಕೂ ಬಲಕ್ಕೂ ಎಳೆಯಬಹುದಾದ ಒಂದು ಗೆರೆ ಕಣ್ಣಿಗೆ ಬಿತ್ತು. ಕಂಪ್ಯೂಟರಿನ ಮೆಮೊರಿಯಲ್ಲಿ ಫೋಟೋ ಪ್ರೋಗ್ರಾಮಿಗೆ ಎಷ್ಟು ಪಾಲು ಎಂದು ಹೇಳುವ ಗೆರೆ ಅದು. ಅಪ್‌ಡೇಟ್ ಅದನ್ನು ಬಲ ತುದಿಗೆ, ನೂರಕ್ಕೆ ನೂರರವರೆಗೆ, ಎಳೆದಿಟ್ಟಿದ್ದ. ಅವನ ಫುಲ್ ಪವರ್ ಇದೇ. ಚುಕ್ಕಿ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದಳು. ನವರೂಪ ಎನ್ನುವುದು ಪ್ರೋಗ್ರಾಮಿನ ಮನೆಗೆ ಬಂದ ನೆಂಟ. ಅದರ ಊಟ ಪ್ರೋಗ್ರಾಮಿನ ಪಾಲಿನಿಂದಲ್ಲ, ಅದು ಉಂಡು ಮಿಕ್ಕಿದ್ದರಿಂದ. ಮನೆಯವರೇ ಪಾತ್ರೆ ಬಳಿದು ಉಂಡರೆ ನೆಂಟನಿಗೇನು ಗತಿ? ಗೆರೆಯನ್ನು ಅರವತ್ತೈದಕ್ಕೆ ಇಳಿಸಿದಳು. ಬದಲಾವಣೆ ಹಿಡಿಯಬೇಕಾದರೆ ಪ್ರೋಗ್ರಾಮನ್ನು ಒಮ್ಮೆ ಮುಚ್ಚಿ ತೆರೆಯಬೇಕಿತ್ತು, ಹಾಗೇ ಮಾಡಿದಳು. ನೀಲಿ ಪಟ್ಟಿ ಅರವತ್ತಮೂರು ದಾಟಿ, ಎಂಬತ್ತು ದಾಟಿ, ನೂರು ಮುಟ್ಟಿತು.

ಯಜಮಾನರಿಗೆ ಹೇಳಬೇಕೆಂದು ಎದ್ದಳು. ಅಷ್ಟರಲ್ಲಿ ಕೌಂಟರಿನ ಬಳಿ ನಾಲ್ಕು ದಿನದ ಹಿಂದಿನ ಅದೇ ಹೆಂಗಸಿನ ದನಿ ಕೇಳಿ ಅಲ್ಲಿಗೆ ಹೋದಳು. ಜೊತೆಗೆ ಎಡದಿಂದ ಮೂರನೆಯವಳೂ ಬಂದಿದ್ದಳು.

"ಅವತ್ತು ನಿಮ್ಮ ಯಂತ್ರ ಕೆಟ್ಟಿದ್ದೇ ಒಳ್ಳೇದಾಯ್ತು ಕಣ್ರೀ," ಎಂದಳು ಹೆಂಗಸು. "ಮನೇಗೆ ಹೋಗಿ ನೋಡ್ತೀನಿ, ಕಳೆದಿದ್ದ ಕೀಲಿಗೊಂಚಲು ನನ್ನ ಚೀಲದ ಅಡೀಲೇ ಇತ್ತು. ಪಾಪ, ಇವಳ ಮೇಲೆ ಎಗರಾಡಿಬಿಟ್ಟಿದ್ದೆ. ಇದನ್ನ ಗೋಡೆಗೆ ಹಾಕೋಷ್ಟು ದೊಡ್ಡದು ಮಾಡಿ, ಎರಡು ಪ್ರತಿ."

ತನ್ನನ್ನು ಫೋಟೋದಿಂದ ಅಳಿಸಲು ಹೊರಟಿದ್ದ ವಿಷಯ ನಾದಿನಿಗೆ ಗೊತ್ತಿರಲಿಲ್ಲ. "ಯಂತ್ರಕ್ಕೇನಾಗಿತ್ತು ಅತ್ತಿಗೆ?" ಎಂದು ಕೇಳಿದಳು.

"ಮರೆವು," ಎಂದಳು ಅತ್ತಿಗೆ, ಚುಕ್ಕಿಯ ಕಡೆ ನೋಡದೆ.

ಚುಕ್ಕಿ ಮತ್ತೆ ಬಂದು ಕುರ್ಚಿಯಲ್ಲಿ ಕೂತಳು. ಯಜಮಾನರಿಗೆ ಹೇಳುವ ಮಾತು ಬಾಯಿಯೊಳಗೇ ಉಳಿಯಿತು. ಒಂದು ಗೆರೆಯನ್ನು ಎಡಕ್ಕೆ ಎಳೆದರೆ ಕೆಲಸ ಆಗುತ್ತದೆ, ಬಲಕ್ಕೆ ಎಳೆದರೆ ಆಗುವುದಿಲ್ಲ. ಇದು ಲೋಕದಲ್ಲಿ ತನಗೊಬ್ಬಳಿಗೇ ಗೊತ್ತು. ಹದಿನಾರು ವರ್ಷ ಬಂದವರು ಹೇಳಿದ್ದಕ್ಕೆಲ್ಲ ಹೂಂ ಎಂದು ಕತ್ತು ನೋಯಿಸಿಕೊಂಡವಳಿಗೆ ಇದು ಸಣ್ಣ ವಿಷಯವೇನಲ್ಲ.

ಅಲ್ಲಿಂದ ಶುರುವಾಯಿತು ಚೇಷ್ಟೆ. ಅಂಗಡಿ ತೆರೆದ ದಿನದ ಫೋಟೋದಿಂದ ಪಾಲುದಾರನನ್ನು ಕಿತ್ತುಹಾಕಿ ಎಂದು ಒಬ್ಬ ಬಂದ. "ಒಂದ್ನಿಮಿಷ ಕೂತ್ಕೊಳ್ಳಿ ಸಾರ್, ಇದನ್ನ ಮುಚ್ಚಿ ತೆಗೀತೀನಿ," ಎಂದು ಚುಕ್ಕಿ ಗೆರೆಯನ್ನು ಬಲಕ್ಕೆ ಎಳೆದಳು. ಅರವತ್ತಮೂರಕ್ಕೆ ಮೆಮೊರಿ ಸಾಲಲಿಲ್ಲ. ಓಟದಲ್ಲಿ ಎರಡನೆಯವನಾದವನು ಮೊದಲನೆಯವನನ್ನು ಮಾಯ ಮಾಡಿ ಎಂದ. ಮೆಮೊರಿ ಸಾಲಲಿಲ್ಲ. ನಿವೃತ್ತಿಯಾಗುತ್ತಿದ್ದ ಗುಮಾಸ್ತರೊಬ್ಬರು ತಮ್ಮ ಕುರ್ಚಿಯ ಹಿಂದೆ ಅಧಿಕಾರಿಯ ಕೋಣೆ ಬರಲಿ ಎಂದರು, ಪಾಪ ಎನಿಸಿ ಅವರಿಗೆ ಮಾತ್ರ ಮೆಮೊರಿ ಸಾಕಷ್ಟು ಸಿಕ್ಕಿತು. ಹರಿದುಹೋದ ಅಪ್ಪನ ಫೋಟೋ ತಂದ ಮುದುಕಿಗಂತೂ ಚುಕ್ಕಿ ಒಂದೊಂದು ರೆಪ್ಪೆಯನ್ನೂ ಕೂಡಿಸಿ ಕೊಟ್ಟಳು. ತನ್ನ ಸರದಿಗೆ ಕಾಯುತ್ತಿದ್ದಾಗ ಆ ಚೌಕವನ್ನು ಕಂಡಿದ್ದ ಮುದುಕಿ, "ಏನಂತೆ ಇದಕ್ಕೆ?" ಎಂದಿದ್ದಳು. ಮೆಮೊರಿ ಸಾಲುತ್ತಿಲ್ಲವಂತೆ ಎಂದಾಗ, "ನನಗಿಂತ ಚಿಕ್ಕ ವಯಸ್ಸಿಗೇ?" ಎಂದು ಕನಿಕರಪಟ್ಟಿದ್ದಳು.

ಎರಡು ತಿಂಗಳು ಹೀಗೆ ನಡೆಯಿತು. ಒಂದು ದಿನ ಯಜಮಾನತಿ ಎರಡು ಲೋಟ ಚಹಾ ಹಿಡಿದು ಒಳಗೆ ಬಂದು ಗಿರಾಕಿಯ ಸ್ಟೂಲಿನ ಮೇಲೆ ಕೂತಳು.

"ಚುಕ್ಕಿ, ಒಳ್ಳೆ ಜನ ಬಂದಾಗ ಸೀದಾ ಕೆಲಸ ಶುರು ಮಾಡ್ತೀಯ. ತಲೆಹರಟೆ ಜನ ಬಂದಾಗ ಮಾತ್ರ ಮುಚ್ಚಿ ತೆಗೀತೀನಿ ಅಂತೀಯ. ಏನೇ ಅದು?"

ಚುಕ್ಕಿಗೆ ಚಹಾ ನೆತ್ತಿಗೆ ಹತ್ತಿತು. ಕೆಮ್ಮು ನಿಂತ ಮೇಲೆ ಗೆರೆ ತೋರಿಸಿದಳು. ನೆಂಟನ ಊಟದ ವಿಚಾರವನ್ನೂ ಹೇಳಿದಳು. ಯಜಮಾನತಿ ಲೋಟ ಕೆಳಗಿಟ್ಟಳು.

"ನನ್ನ ತಮ್ಮ ಕೆಡಿಸಿದ್ದನ್ನ ನೀನು ಸರಿ ಮಾಡಿ, ಮತ್ತೆ ಬೇಕಾದಾಗ ಕೆಡಿಸ್ತಿದ್ದೀಯ."

"ಹೌದಕ್ಕಾ. ತಪ್ಪಾಯ್ತು."

"ನಾನೇನು ಬೇಡ ಅಂದ್ನಾ? ಆದ್ರೆ ನಿನಗೆ ಜನದ ಪರಿಚಯ ಕಮ್ಮಿ. ಮೊನ್ನೆ ಹೊಳೆಯೋ ಬೂಟು ಹಾಕ್ಕೊಂಡು ಒಬ್ಬ ಬಂದಿದ್ನಲ್ಲ, ಅವನಿಗೆ ಚಂದ ಮಾಡಿ ಕೊಟ್ಬಿಟ್ಟೆ. ಅವನು ಮಹಾ ಸುಳ್ಳ. ಇನ್ಮೇಲೆ ನಾನು ಹೇಳ್ತೀನಿ."

ಮರುದಿನದಿಂದ ಇಬ್ಬರ ನಡುವೆ ಒಂದು ಗುಟ್ಟಿನ ಮಾತು ಓಡಾಡತೊಡಗಿತು. ಕೌಂಟರಿನಿಂದ ಯಜಮಾನತಿ, "ಚುಕ್ಕಿ, ಇವರದು ದೊಡ್ಡ ಫೈಲು," ಎಂದರೆ ಮೆಮೊರಿ ಸಾಲಬಾರದು ಎಂದರ್ಥ. ಸುಮ್ಮನಿದ್ದರೆ ಕೆಲಸ ಆಗಬಹುದು. ಯಜಮಾನರಿಗೆ ಸುಳಿವೇ ಇರಲಿಲ್ಲ. ಫೈಲು ದೊಡ್ಡದಾಗುವುದು ತಾವು ತೆಗೆದ ಫೋಟೋದ ಗುಣಮಟ್ಟದಿಂದ ಎಂದುಕೊಂಡು ಅವರು ಒಳಗೊಳಗೇ ಹಿಗ್ಗುತ್ತಿದ್ದರು.

ಆದರೆ ಚೇಷ್ಟೆ ರುಚಿ ಹತ್ತಿದ ಮೇಲೆ ಕೈ ಎಲ್ಲಿ ನಿಲ್ಲುತ್ತದೆ? ಒಂದು ದಿನ ಯಜಮಾನತಿ ಇಲ್ಲದ ಹೊತ್ತಿನಲ್ಲಿ ಇಪ್ಪತ್ತೈದು ದಾಟಿರದ ಒಬ್ಬಳು ಬಂದು, ಕೆನ್ನೆಯಿಂದ ಕಿವಿಯವರೆಗೆ ಇದ್ದ ಗಾಯದ ಗುರುತನ್ನು ತೋರಿಸಿ, "ಇದು ಕಾಣದ ಹಾಗೆ ಮಾಡಿ," ಎಂದಳು. ಚುಕ್ಕಿ ಅವತ್ತು ಬೆಳಗಿನಿಂದ ಆರು ಜನರ ಗಲ್ಲ ಚಿಕ್ಕದು ಮಾಡಿ ರೋಸಿದ್ದಳು. ಇರುವ ಮುಖವನ್ನು ಇರುವ ಹಾಗೆ ಇಟ್ಟುಕೊಳ್ಳಲು ಯಾಕಿಷ್ಟು ಕಷ್ಟ ಎನಿಸಿ ಗೆರೆ ಎಳೆದಳು. ಚೌಕ ಮೂಡಿತು. ಹುಡುಗಿ ವಾದ ಮಾಡಲಿಲ್ಲ. "ಪರವಾಗಿಲ್ಲ ಬಿಡಿ," ಎಂದು ಎದ್ದು ಹೋದಳು.

ಸಂಜೆ ವಿಷಯ ಕೇಳಿ ಯಜಮಾನತಿ ಸೊಂಟದ ಮೇಲೆ ಕೈಯಿಟ್ಟಳು. "ಅಯ್ಯೋ, ಅವಳು ಬೇಕರಿ ಮೇಲಿನ ಮನೆಯವಳು. ಹೋದ ಕಡೆಯೆಲ್ಲ ಮೊದಲು ಅವಳ ಹೆಸರು ಕೇಳಲ್ಲ, ಅದು ಹೇಗಾಯ್ತು ಅಂತ ಕೇಳ್ತಾರೆ. ಒಂದು ಅರ್ಜಿಗಾದ್ರೂ ಅದಿಲ್ಲದ ಫೋಟೋ ಅಂಟಿಸ್ಬೇಕು ಅಂತ ಆಸೆ ಪಟ್ಕೊಂಡಿದ್ಲು. ನೀನೇನು ನ್ಯಾಯಾಧೀಶೆಯಾ?"

ಚುಕ್ಕಿ ಕಂಪ್ಯೂಟರ್ ಆರಿಸಿದಳು. ಕೈಚೀಲ ಹೆಗಲಿಗೆ ಹಾಕಿಕೊಂಡು ಬೇಕರಿಯ ಪಕ್ಕದ ಮೆಟ್ಟಿಲು ಹತ್ತಿದಳು. ಯಂತ್ರ ಸರಿಹೋಯಿತು, ನಾಳೆ ಬನ್ನಿ ಎಂದಳು. "ಇಷ್ಟು ಬೇಗ?" ಎಂದು ಹುಡುಗಿ ಕೇಳಿದಾಗ ಚುಕ್ಕಿ ಮೆಟ್ಟಿಲಿನ ಕಡೆ ನೋಡಿದಳು. ಮಾರನೆಯ ದಿನ ಎರಡು ಪ್ರತಿ ಮಾಡಿದಳು, ಗುರುತು ಇರುವುದೊಂದು, ಇಲ್ಲದ್ದೊಂದು. ಹುಡುಗಿ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿ, ಎರಡನ್ನೂ ತೆಗೆದುಕೊಂಡು ಹೋದಳು. ಯಾವುದನ್ನು ಅಂಟಿಸಿದಳೋ ಚುಕ್ಕಿಗೆ ಗೊತ್ತಾಗಲಿಲ್ಲ. ಆಮೇಲೆ ಒಂದು ವಾರ ಗೆರೆ ಅರವತ್ತೈದರಲ್ಲೇ ಇತ್ತು, ಯಾರು ಏನು ಕೇಳಿದರೂ.

ಇಂಥ ಹೊತ್ತಿನಲ್ಲೇ ಬೀದಿಯ ಅಂಗಡಿಕಾರರ ಸಂಘಕ್ಕೆ ಚುನಾವಣೆ ಬಂತು. ಅಧ್ಯಕ್ಷಗಿರಿಗೆ ಕನ್ನಡಕದ ಅಂಗಡಿಯವನು ನಿಂತ. ಅವನು ನಿಂತ ಎಂಬ ಒಂದೇ ಕಾರಣಕ್ಕೆ ನಮ್ಮ ಯಜಮಾನರೂ ನಿಂತರು. ಬೀದಿಯ ತುದಿಯಲ್ಲಿ ದೊಡ್ಡ ಬ್ಯಾನರ್ ಹಾಕಿಸುವುದೆಂದು ತೀರ್ಮಾನವಾಯಿತು. ಟೈಮರ್ ಇಟ್ಟು ತಮ್ಮ ಫೋಟೋ ತಾವೇ ತೆಗೆದುಕೊಂಡು ಬಂದು ಚುಕ್ಕಿಯ ಸ್ಟೂಲಿನ ಮೇಲೆ ಕೂತರು.

"ಸ್ವಲ್ಪ ಕೂದಲು ಬರ್ಲಿ," ಎಂದರು. ಅವರ ತಲೆಯ ಮೇಲೆ ಹಿಂದಿನಿಂದ ಮುಂದಕ್ಕೆ ತಂದು ಹಾಸಿದ ನಾಲ್ಕೆಳೆ ಇದ್ದವು.

"ಸ್ವಲ್ಪ ಅಂದ್ರೆ ಎಷ್ಟು ಸಾರ್?"

"ಮೊದಲಿದ್ದಷ್ಟು. ಹಾಗೇ ಗಲ್ಲದ ಕೆಳಗಿನದು ಬೇಡ. ಕಣ್ಣಿನ ಕೆಳಗಿನದೂ ಬೇಡ. ಒಟ್ಟಿನಲ್ಲಿ ಒಂದು ಇಪ್ಪತ್ತೈದು ವರ್ಷ ತೆಗೆದುಬಿಡು."

ಕೌಂಟರಿನಿಂದ ದನಿ ಬಂತು. "ಚುಕ್ಕಿ, ಅದು ಬಹಳ ಬಹಳ ದೊಡ್ಡ ಫೈಲು."

ಚುಕ್ಕಿ ನಗು ನುಂಗಿಕೊಂಡು ಪ್ರೋಗ್ರಾಮನ್ನು ಮುಚ್ಚಿ ತೆರೆದಳು. ಅರವತ್ತಮೂರಕ್ಕೆ ಯಜಮಾನರ ಹಣೆಯ ಮೇಲೆ ಮೂಡುತ್ತಿದ್ದ ಕಪ್ಪು ಗುಂಗುರು ಮಾಯವಾಗಿ ಬೋಳು ಫಳಕ್ಕೆಂದಿತು. ಬೇರೆ ಗಿರಾಕಿಯಾಗಿದ್ದರೆ ಎದ್ದು ಹೋಗುತ್ತಿದ್ದ. ಇವರು ಅಂಗಡಿಯ ಯಜಮಾನರು, ಎಲ್ಲಿಗೆ ಹೋದಾರು? ಫೋನ್ ತೆಗೆದು ಭಾವಮೈದನಿಗೆ ಕರೆ ಮಾಡಿದರು.

ಅಪ್‌ಡೇಟ್ ಒಂದು ಗಂಟೆಯೊಳಗೆ ಬಂದ. ಚುಕ್ಕಿ ಕುರ್ಚಿ ಬಿಟ್ಟುಕೊಟ್ಟಳು. ಅವನು ಸೆಟ್ಟಿಂಗ್ ತೆರೆದು ಆ ಗೆರೆಯೇ ಕಾರಣ ಎಂದು ಕಂಡುಹಿಡಿದರೆ ಗುಟ್ಟು ಬಯಲು. ತೆರೆದ. ಗೆರೆ ಬಲ ತುದಿಯಲ್ಲಿತ್ತು. "ಇದು ಸರಿಯಾಗೇ ಇದೆ, ನಾನೇ ಇಟ್ಟಿದ್ದು," ಎಂದು ಹೆಮ್ಮೆಯಿಂದ ಮುಚ್ಚಿದ. ಚುಕ್ಕಿ ಉಸಿರು ಬಿಟ್ಟಳು. ಬಿಟ್ಟದ್ದು ಸ್ವಲ್ಪ ಬೇಗವಾಯಿತು. "ಇದಕ್ಕೆ ಒಂದೇ ದಾರಿ ಭಾವ, ಅಪ್‌ಡೇಟ್ ಮಾಡಿಸ್ಬೇಕು," ಎನ್ನುತ್ತ ಅವನು ಚೀಲದಿಂದ ನಾಲ್ಕು ಹೊಸ ಮೆಮೊರಿ ಪಟ್ಟಿಗಳನ್ನು ತೆಗೆದ. ಪೆಟ್ಟಿಗೆ ಬಿಚ್ಚಿ, ಧೂಳು ಊದಿ, ಹಳೆಯದನ್ನು ಕಿತ್ತು ಹೊಸದನ್ನು ಒತ್ತಿ ಕೂರಿಸಿದ. ಎಂಟು ಜಿಬಿ ಮೆಮೊರಿ ಇದ್ದ ಜಾಗದಲ್ಲಿ ಮೂವತ್ತೆರಡಾಯಿತು.

ಜೀವಮಾನದಲ್ಲಿ ಮೊದಲ ಸಲ ಅವನು ಹೇಳಿದ ಮದ್ದು ರೋಗಕ್ಕೆ ಹತ್ತಿತು. ಈಗ ಪ್ರೋಗ್ರಾಮು ಹೊಟ್ಟೆ ಬಿರಿಯ ಉಂಡರೂ ನೆಂಟನಿಗೆ ಬೇಕಾದಷ್ಟು ಮಿಕ್ಕುತ್ತಿತ್ತು. ಗೆರೆ ಬಲ ತುದಿಯಲ್ಲಿದ್ದರೂ ನೀಲಿ ಪಟ್ಟಿ ಅರವತ್ತಮೂರನ್ನು ತಿರುಗಿ ಕೂಡ ನೋಡದೆ ನೂರಕ್ಕೆ ಓಡಿತು. ಯಂತ್ರ ಸರಿಯಾಯಿತಲ್ಲ ಎಂದು ಚುಕ್ಕಿಗೆ ದುಃಖವಾಯಿತು.

ಯಜಮಾನರು ಪಕ್ಕದಲ್ಲೇ ಕೂತು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತ ಹೋದರು. ಚುಕ್ಕಿ ಅವರು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಒಂದೇ ಒಂದು ಸಲ, "ಸಾಕಲ್ವಾ ಸಾರ್?" ಎಂದು ಕೇಳಿದಳು. "ನಿನಗೆ ಗೊತ್ತಾಗಲ್ಲ, ಮಾಡು," ಎಂದರು. ಮಾಡಿದಳು.

ಎರಡು ದಿನಕ್ಕೆ ಬ್ಯಾನರ್ ಏರಿತು. ಹತ್ತು ಅಡಿ ಎತ್ತರದ ಗುಂಗುರು ಕೂದಲಿನ ತರುಣನೊಬ್ಬ ಬೀದಿಯನ್ನು ನೋಡಿ ನಗುತ್ತಿದ್ದ. ಅದರ ಕೆಳಗೆ ಯಜಮಾನರು ಕರಪತ್ರ ಹಿಡಿದು ನಿಂತರು. ಮೊದಲು ಬಂದದ್ದು ಟೈಲರ್ ಅಂಗಡಿಯ ಹಿರಿಯರು. ಮೇಲೆ ನೋಡಿದರು, ಕೆಳಗೆ ನೋಡಿದರು.

"ಮಗನ್ನ ನಿಲ್ಲಿಸಿದ್ದೀರಾ? ಹುಡುಗ ಲಕ್ಷಣವಾಗಿದ್ದಾನೆ. ಆದ್ರೆ ಅಧ್ಯಕ್ಷಗಿರಿಗೆ ಚಿಕ್ಕವನಾಗ್ಲಿಲ್ವಾ?"

ಯಜಮಾನರಿಗಿದ್ದುದು ಒಬ್ಬಳೇ ಮಗಳು. "ಅದು ನಾನೇ," ಎಂದರು ಮೆಲ್ಲಗೆ.

ಹಿರಿಯರು ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು. "ತಮಾಷೆ ಬಿಡಿ. ನೀವೇ ನಿಂತಿದ್ರೆ ಕಣ್ಣು ಮುಚ್ಚಿ ಹಾಕ್ತಿದ್ದೆ. ಈ ಹುಡುಗನಿಗೆ ಹಾಕಲ್ಲ, ಬೇಜಾರು ಮಾಡ್ಕೋಬೇಡಿ."

ಆಮೇಲೆ ಬಂದ ಬೀಗದ ಅಂಗಡಿಯವನು, ಅಳಿಯ ಯಾವಾಗ ಬಂದ ಎಂದು ಕೇಳಿದ. ಇಸ್ತ್ರಿ ಅಂಗಡಿಯಾಕೆ ಹುಡುಗನಿಗೆ ಮದುವೆಯಾಗಿದೆಯೇ ಎಂದು ವಿಚಾರಿಸಿದಳು. ಮಧ್ಯಾಹ್ನದ ಹೊತ್ತಿಗೆ ಯಜಮಾನರು ಕರಪತ್ರದ ಕಟ್ಟು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದು ಸ್ಟೂಲಿನ ಮೇಲೆ ಕುಸಿದರು. ಹೆಂಡತಿ ಕೌಂಟರಿನಿಂದ ಎದ್ದು ಬಾಗಿಲಲ್ಲಿ ನಿಂತಳು.

"ಹಳೇ ಮುಖ ಹಾಕು," ಎಂದರು ಚುಕ್ಕಿಗೆ. "ಇದ್ದದ್ದು ಇದ್ದ ಹಾಗೆ. ಅವತ್ತು ಮೊದಲು ಮೆಮೊರಿ ಸಾಲದು ಅಂದಿತ್ತಲ್ಲ, ಅದಕ್ಕೇ ಗೊತ್ತಿತ್ತು ನೋಡು."

ಚುಕ್ಕಿಗೆ ಇನ್ನು ತಡೆಯಲಾಗಲಿಲ್ಲ. "ಅದಕ್ಕೇನೂ ಗೊತ್ತಿರ್ಲಿಲ್ಲ ಸಾರ್. ನಾನೇ ಮಾಡಿದ್ದು," ಎಂದು ಎಲ್ಲವನ್ನೂ ಹೇಳಿಬಿಟ್ಟಳು. ಪಾಲುದಾರ, ಓಟಗಾರ, ಬೇಕರಿ ಮೇಲಿನ ಹುಡುಗಿ, ಯಾರನ್ನೂ ಬಿಡಲಿಲ್ಲ. ಯಜಮಾನತಿಯ ಹೆಸರೊಂದನ್ನು ಮಾತ್ರ ಎತ್ತಲಿಲ್ಲ.

ಯಜಮಾನರು ಬಾಯಿ ತೆರೆಯುವ ಮೊದಲೇ ಯಜಮಾನತಿ, "ಅರ್ಧ ನನ್ನದೂ ಇದೆ," ಎಂದಳು. "ದೊಡ್ಡ ಫೈಲು ಅಂತ ಕೂಗ್ತಿದ್ದೆನಲ್ಲ, ಅದು ನಿಮ್ಮ ಕ್ಯಾಮೆರಾದ ಹೊಗಳಿಕೆ ಅಲ್ಲ."

ಈ ಕೊನೆಯ ಮಾತೇ ಅವರಿಗೆ ಹೆಚ್ಚು ನಾಟಿದ್ದು. ಎರಡು ದಿನ ಇಬ್ಬರೊಂದಿಗೂ ಮಾತು ಬಿಟ್ಟರು. ಪರದೆ ಕಟ್ಟುವಾಗಲೂ ಕೈಸನ್ನೆ. ಮೂರನೆಯ ದಿನ ಚುಕ್ಕಿಯ ಬಳಿ ಬಂದು, "ಇನ್ಮೇಲೆ ಯಾವುದಾದ್ರೂ ಕೆಲಸ ಮಾಡಲ್ಲ ಅನ್ನೋದಾದ್ರೆ ಬಾಯಿಬಿಟ್ಟು ಹೇಳು. ಬಡಪಾಯಿ ಯಂತ್ರದ ಮೇಲೆ ಯಾಕೆ ಹಾಕ್ತೀಯ?" ಎಂದರು. ಚುನಾವಣೆಯಲ್ಲಿ ಎರಡು ಮತಗಳಿಂದ ಸೋತರು. ಒಂದು ಟೈಲರ್ ಹಿರಿಯರದು ಎಂದು ಅವರ ಲೆಕ್ಕ. ಇನ್ನೊಂದು ಹೆಂಡತಿಯದು ಎಂದು ಅನುಮಾನ, ಅದನ್ನು ಕೇಳುವ ಧೈರ್ಯ ಬಂದಿಲ್ಲ.

ಬಾಯಿಬಿಟ್ಟು ಹೇಳುವುದು ಗೆರೆ ಎಳೆದಷ್ಟು ಸುಲಭವಿರಲಿಲ್ಲ. ಮೊದಲ ಸಲ ಚುಕ್ಕಿ ಕಂಪ್ಯೂಟರನ್ನೇ ನೋಡುತ್ತ ಹೇಳಿದಳು, ಗಿರಾಕಿ ಬೇರೆ ಸ್ಟುಡಿಯೋಗೆ ಹೋದ. ಎರಡನೆಯವಳು ಅರ್ಧ ಗಂಟೆ ಜಗಳವಾಡಿ, ಕೊನೆಗೆ ಇದ್ದ ಹಾಗೆಯೇ ಪ್ರಿಂಟ್ ಹಾಕಿಸಿಕೊಂಡಳು. ಮೂರನೆಯವನು ತಾನೂ ತನ್ನ ತಮ್ಮನೂ ನಿಂತ ಫೋಟೋ ತಂದಿದ್ದ. ತಮ್ಮನನ್ನು ತೆಗೆದು ಆ ಜಾಗದಲ್ಲಿ ಒಂದು ಕಾರು ನಿಲ್ಲಿಸಿ ಎಂದ.

"ಆಗುತ್ತೆ," ಎಂದಳು ಚುಕ್ಕಿ. "ಆದ್ರೆ ನಾನು ಮಾಡಲ್ಲ."

"ಯಾಕೆ? ಮೆಮೊರಿ ಇಲ್ವಾ?"

"ಮೆಮೊರಿ ಬೇಕಾದಷ್ಟಿದೆ. ಮನಸ್ಸಿಲ್ಲ."

ಆತ ತಲೆ ಕೆರೆದುಕೊಂಡ. ಎದ್ದು ಹೋಗುತ್ತಾನೆ ಎಂದು ಅವಳು ಕಾದಳು. ಹೋಗಲಿಲ್ಲ. "ಸರಿ, ಅವನೂ ಇರ್ಲಿ. ಕಾರಿನ ಒಳಗೆ ಕೂರಿಸಿಬಿಡಿ," ಎಂದ.

ಚುಕ್ಕಿ ಕೂರಿಸಿದಳು. ಗಾಜಿನ ಮೇಲೆ ಬೆಳಕು, ತಮ್ಮನ ಮೊಣಕೈ ಕಿಟಕಿಯ ಮೇಲೆ, ಎಲ್ಲ ನಿಜವೇ ಎನ್ನುವ ಹಾಗೆ ಮೂಡಿತು. ಅಣ್ಣ ಕತ್ತು ಮುಂದೆ ಚಾಚಿ ನೋಡಿದ.

"ಇವನ್ಯಾಕೆ ಸ್ಟಿಯರಿಂಗ್ ಮುಂದೆ ಕೂತಿದ್ದಾನೆ?"

"ನಿಮಗೆ ಲೈಸೆನ್ಸ್ ಇದೆಯಾ?"

ಇರಲಿಲ್ಲ. ತಮ್ಮನಿಗಿತ್ತು. ಆತ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡು, "ಹಾಗಾದ್ರೆ ನನ್ನನ್ನ ಹಿಂದಿನ ಸೀಟಲ್ಲಿ ಕೂರಿಸಿ, ಯಜಮಾನನ ಹಾಗೆ," ಎಂದ. ಚುಕ್ಕಿ ಮೌಸಿನ ಮೇಲೆ ಕೈಯಿಟ್ಟಳು.